ನಮ್ಮನೆ ಕಾರ್ಯ, ತಪ್ಪಿಸಬ್ಯಾಡ್ರಿ

4-2-2025, ಮಂಗಳವಾರ. ಬೆಳಗ್ಗೆ 7

ಬಸ್ ಸ್ಟ್ಯಾಂಡಿನ ಎದುರಿನ ಫ್ಲೆಕ್ಸ್ ಮತ್ತೆ ಹೋಗಿದೆ. ಕೆಳಗಿನ ಅರ್ಧ ಯಾರೋ ಕೊಯ್ದುಕೊಂಡು ಹೋಗಿದ್ದಾರೆ. ಸೌದೆ ಮುಚ್ಚಲಿಕ್ಕೆ ಇರಬೇಕು. ದಿನಾಂಕವೂ ಇಲ್ಲ, ವಿಳಾಸವೂ ಇಲ್ಲ. ಉಳಿದದ್ದು ರೇಣುಕಾಪ್ರಸಾದರ ಮುಖ. ಕೈ ಮುಗಿದು ನಗುತ್ತಿದ್ದಾರೆ. ಏತಕ್ಕೆ ಎಂದು ನೋಡಿದವರಿಗೆ ತಿಳಿಯುವುದಿಲ್ಲ.

ನಿನ್ನೆ ಎರಡು ಸಾವಿರ ಕರಪತ್ರ ಹಂಚಿದ್ದೆ. ಸಂಜೆ ಮಿರ್ಚಿ ಅಂಗಡಿಯವನು ಅದರಲ್ಲೇ ಮಿರ್ಚಿ ಕಟ್ಟಿಕೊಟ್ಟ. ನನಗೇ ಕೊಟ್ಟ. ತಿಂದೆ. ವಾಟ್ಸಾಪಿನಲ್ಲಿ ಏಳುನೂರು ಜನಕ್ಕೆ ಕಳಿಸಿದ್ದೆ — ನೀಲಿ ಟಿಕ್ ಮೂವತ್ತೊಂದು. ಅದರಲ್ಲಿ ಎರಡು ನನ್ನವೇ ನಂಬರು.

ರೇಣುಕಾಪ್ರಸಾದ್ ಸೊರಬದವರು. ಮಿಕ್ಸಿ, ಗ್ರೈಂಡರ್, ಸೋಫಾ — ಹೋಮ್ ಮಾರ್ಟ್. ಈಗ ನಮ್ಮ ಶಿಕಾರಿಪುರದಲ್ಲಿ ಎರಡನೆಯದು ತೆಗೆಯುತ್ತಿದ್ದಾರೆ. ಆರು ಗಂಟೆಗೇ ಫೋನ್.

"ಮಾಲತೇಶ್, ಇಪ್ಪತ್ತನೇ ತಾರೀಕು ಓಪನಿಂಗ್. ಅಂಗಡಿ ತುಂಬಬೇಕು. ತುಂಬಲಿಲ್ಲ ಅಂದ್ರೆ ಎರಡೂ ಬ್ರಾಂಚ್ ಶಿವಮೊಗ್ಗದ ಏಜೆನ್ಸಿಗೆ ಕೊಟ್ಬಿಡ್ತೀನಿ. ಬೇಜಾರು ಮಾಡ್ಕೋಬೇಡಿ."

ಅವರು ಹೋದರೆ ಮಾಲತೇಶ್ ಪಬ್ಲಿಸಿಟಿ ಎಂದರೆ ಒಂದು ಓಮ್ನಿ, ಒಂದು ಮೈಕು, ನಾನು. ಎದೆಯಲ್ಲಿ ಉರಿ. ಗ್ಯಾಸೋ ಬೇರೆಯೋ ಗೊತ್ತಿಲ್ಲ. ನನ್ನ ಆಫೀಸಿನ ಶಟರ್ ಎಳೆದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸ್ ಹೋಗಿ ನೋಡಿಬಂದೆ. ಎಳೆದಿದ್ದೆ.

ಹೋದ ವರ್ಷದ ಬಿಸಿನೆಸ್ ಟ್ರೈನಿಂಗಿನಲ್ಲಿ ಪಾಠ ಮಾಡಿದ ಕೋಟಿನವನು ಹೇಳಿದ್ದ — ಬಿಸಿನೆಸ್ ಮಾಡುವವನು ಕಲಿತ ಪಾಠ ದಿನಾ ಬರೆದಿಡಬೇಕು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಪಾಠ ಎಂಬ ಮಾತಿಗೇ ಕೈ ಬೆವರುತ್ತದೆ. ಇರಲಿ.

ಪಾಠ: ದಿನಾಂಕವನ್ನು ಫ್ಲೆಕ್ಸಿನ ಮೇಲ್ಗಡೆ ಹಾಕಬೇಕು.

7-2, ಶುಕ್ರವಾರ. ಮಧ್ಯಾಹ್ನ

ಕೇರಿಯ ಕೊನೆಯಲ್ಲಿ ಹುಲಿಗೆಮ್ಮನವರ ಹೊಸ ಮನೆ. ಇವತ್ತು ಗೃಹಪ್ರವೇಶ. ಫ್ಲೆಕ್ಸ್ ಇಲ್ಲ, ಪತ್ರಿಕೆಯೂ ಇಲ್ಲ. ನಾನೇ ಹೋಗಿ ಕೇಳಿದ್ದೆ, ಎಂತದೂ ಬೇಡ ಅಂದಿದ್ದರು.

ಬಾಗಿಲಲ್ಲಿ ಚಪ್ಪಲಿ ಎಣಿಸಿದೆ. ಇದು ನನ್ನ ಚಟ, ಎಲ್ಲಿ ಹೋದರೂ ಎಣಿಸುತ್ತೇನೆ. ಟ್ರೈನಿಂಗಿನಲ್ಲಿ ಇದಕ್ಕೆ ಫುಟ್‌ಫಾಲ್ ಅನ್ನುತ್ತಿದ್ದರು. ಹೆಂಗಸರದ್ದೇ ನೂರಾ ಹದಿನೆಂಟು ಜೊತೆ. ಮೂರು ಸಲ ಎಣಿಸಿದೆ.

ಹುಲಿಗೆಮ್ಮನವರನ್ನೇ ಕೇಳಿದೆ, ಇಷ್ಟು ಜನ ಹೇಗೆ ಬಂದರು?

"ಹೆಂಗ ಅಂದ್ರೆ? ನಿಮ್ಮ ದೊಡ್ಡಮ್ಮ ಬಂದು ಕರೆದ್ರಲ್ಲೋ. ಮಹಾದೇವಮ್ಮ ಕುಂಕುಮ ಹಚ್ಚಿ ಕರೆದ ಮ್ಯಾಲೆ ಬರಲಿಲ್ಲ ಅಂದ್ರೆ ನಾಳೆ ನಲ್ಲಿ ಹತ್ರ ಮುಖ ತೋರ್ಸಾಕ ಆಗ್ತೈತೇನು?"

ಹೌದಲ್ಲ. ದೊಡ್ಡಮ್ಮ ನಮ್ಮ ಪಕ್ಕದ ಮನೆಯಲ್ಲೇ ಇದ್ದಾಳೆ. ಅಮ್ಮನ ಅಕ್ಕ. ಅಮ್ಮ ಹೋದಾಗಿನಿಂದ ನನಗೆ ಅನ್ನ ಹಾಕಿದವಳು. ಕೇರಿಯಲ್ಲಿ ಯಾರ ಮನೆಯ ಕಾರ್ಯವಾದರೂ ಕರೆಯಲಿಕ್ಕೆ ಇವಳನ್ನೇ ಮುಂದೆ ಮಾಡಿಕೊಂಡು ಹೋಗುತ್ತಾರೆ. ಪತ್ರಿಕೆ ಕೊಟ್ಟರೆ ತಿಳಿಸಿದ ಹಾಗೆ. ಕುಂಕುಮ ಕೊಟ್ಟರೆ ಕರೆದ ಹಾಗೆ.

ಊಟ ಸೇರಲಿಲ್ಲ. ತಲೆಯಲ್ಲಿ ಅದೇ ಓಡುತ್ತಿತ್ತು.

9-2, ಭಾನುವಾರ

ಕೇಳಿದೆ. ದೊಡ್ಡಮ್ಮ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕೂತಿದ್ದಳು.

"ಅಂಗಡಿಗೆ ಕುಂಕುಮ ಯಾಕಲೇ? ನಿನ್ನ ಮೈಕ್ ಏನಾತು?"

"ಮೈಕಿಗೆ ಯಾರೂ ಬರಲ್ಲ ದೊಡ್ಡಮ್ಮ."

"ಹಂಗಾರ ನನಗೂ ಬರಬಾರದು. ಮಂದಿ ಅಂಗಡಿಗೆ ನಾ ಯಾವ ಬಾಯಾಗ ಕರೀಲಿ? ನಮ್ಮನೆ ಕಾರ್ಯ ಅಂದ್ರ ಕರೀತಾರ. ನಮ್ಮವರ ಮನೆದು ಅಂದ್ರ ಕರೀತಾರ."

ಆಗ ಬಾಯಿಂದ ಬಂತು. ಯೋಚನೆ ಮಾಡಿ ಹೇಳಿದ್ದಲ್ಲ. ಅಥವಾ ಎರಡು ದಿನದಿಂದ ಅದನ್ನೇ ಯೋಚಿಸುತ್ತಿದ್ದೆನೋ ಏನೋ.

"ನಮ್ಮದೇ ಅಂತ ತಿಳ್ಕೋ. ನಂದೂ ಒಂದು ಪಾಲು ಐತಿ ಅದರಾಗ."

ಮೊರ ಕೆಳಗಿಟ್ಟಳು. ಎದ್ದು ಬಂದು ತಲೆಯ ಮೇಲೆ ಕೈ ಇಟ್ಟಳು. ಅಕ್ಕಿಯ ಧೂಳು ಕೂದಲಿಗೆ. "ಮದ್ಲೇ ಹೇಳಬಾರದೇನಲೇ ಹುಚ್ಚಪ್ಪ!" ಹಿತ್ತಲಿನಲ್ಲಿದ್ದ ದೊಡ್ಡಪ್ಪನಿಗೆ ಕೂಗಿದಳು — "ಕೇಳಿದ್ರೇನು? ನಮ್ಮ ಮಾಲತೇಶ ಅಂಗಡಿ ಹಾಕಾಕತ್ತಾನ!"

ಪಾಲು ಹಾಗಿರಲಿ, ಆ ಅಂಗಡಿಯಲ್ಲಿ ನನಗೆ ಕೂರಲಿಕ್ಕೆ ಒಂದು ಸ್ಟೂಲೂ ಇಲ್ಲ.

ಅಶ್ವಿನಿಗೆ ಹೇಳಿದೆ. ನನ್ನ ಹೆಂಡತಿ ಸೊರಬದ ಕಡೆಯವಳು, ಕೂಗಾಡುವುದಿಲ್ಲ. ಪಾತ್ರೆ ತೊಳೆಯುವುದು ನಿಲ್ಲಿಸಿ ನೋಡಿದಳು.

"ಎಂತಕ್ಕೆ ಹಂಗೆ ಹೇಳಿದ್ರಿ ಮಾರಾಯ್ರೇ? ಗೊತ್ತಾದ್ರೆ?"

"ಓಪನಿಂಗ್ ಒಂದು ಮುಗೀಲಿ. ಆಮೇಲೆ ನಾನೇ ಹೇಳ್ತೀನಿ."

14-2, ಶುಕ್ರವಾರ. ಸಂಜೆ

ಮೂರು ದಿನ, ಅರವತ್ತೆರಡು ಮನೆ. ದೊಡ್ಡಮ್ಮ ಮುಂದೆ, ತಟ್ಟೆ ಹಿಡಿದು ಅಶ್ವಿನಿ ಪಕ್ಕದಲ್ಲಿ, ಅಕ್ಷತೆ ಚೀಲ ಹಿಡಿದು ನಾನು ಹಿಂದೆ. ಗಂಡಸು ಹಿಂದೆ ಬರುವುದು ಪದ್ಧತಿಯಲ್ಲ. "ಬಾ, ನಿನ್ನ ಅಂಗಡಿ ಅಲ್ಲೇನು" ಎಂದು ಅವಳೇ ಎಳೆದುಕೊಂಡು ಹೋದಳು.

ಅಂಗಡಿಯ ಮಾತು ಕಡೆಗೆ. ಮೊದಲು ಒಳಗೆ ಹೋಗಿ ಕೂರುವುದು. ನೀರು ಕುಡಿಯುವುದು. ಸೊಸೆಯ ಬೆನ್ನುನೋವು, ಮಗನ ಬೋರ್‌ವೆಲ್, ಸತ್ತ ಎಮ್ಮೆ — ಎಲ್ಲ ಕೇಳುವುದು. ನನಗೆ ಚಡಪಡಿಕೆ. ಒಂದು ಮನೆಗೆ ಇಪ್ಪತ್ತು ನಿಮಿಷ ಹಿಡಿದರೆ ಅರವತ್ತೆರಡು ಮನೆಗೆ ಎಷ್ಟು ಎಂದು ಮೊಬೈಲಿನಲ್ಲಿ ಲೆಕ್ಕ ಹಾಕುತ್ತಿದ್ದೆ. ಎದ್ದು ಹೊರಡುವಾಗ ಕುಂಕುಮ ಹಚ್ಚಿ, ಕೈಗೆ ಅಕ್ಷತೆ ಹಾಕಿ, ಒಂದೇ ಮಾತು:

"ನಮ್ಮನೆ ಕಾರ್ಯ. ತಪ್ಪಿಸಬ್ಯಾಡ್ರಿ."

ಅಷ್ಟೇ. ಆಫರ್ ಇಲ್ಲ, ಡಿಸ್ಕೌಂಟ್ ಇಲ್ಲ. ಕೇಳಿದವರು ಕೈ ಮುಚ್ಚಿಕೊಂಡು ಅಕ್ಷತೆಯನ್ನು ದೇವರ ಮುಂದೆ ಇಟ್ಟು ಬರುತ್ತಾರೆ. ನನ್ನ ಕರಪತ್ರಕ್ಕೆ ಮಿರ್ಚಿ.

ಇಂಥ ಮಾತು ಬರೆಯಲಿಕ್ಕೆ ಹನ್ನೊಂದು ವರ್ಷದಿಂದ ಒದ್ದಾಡುತ್ತಿದ್ದೇನೆ.

20-2, ಗುರುವಾರ

ಹೆಂಗಸರ ಚಪ್ಪಲಿ ಇನ್ನೂರ ನಾಲ್ಕು ಜೊತೆ! ಶಟರಿನ ಮುಂದೆ ಕಾಲಿಡಲು ಜಾಗವಿಲ್ಲ. ಫೋಟೋ ತೆಗೆದೆ. ರೇಣುಕಾಪ್ರಸಾದ್ ಅದನ್ನೇ ಸ್ಟೇಟಸ್ ಹಾಕಿಕೊಂಡರು.

ಜನ ಬರದಿದ್ದರೆ ಎಂದು ಹೆದರಿ ಓಮ್ನಿಯಲ್ಲಿ ಒಂದು ಚೀಲ ಹಳೆಯ ಚಪ್ಪಲಿ ಇಟ್ಟುಕೊಂಡಿದ್ದೆ. ಗುಜರಿಯವನ ಹತ್ತಿರ ತಂದದ್ದು. ಬಾಗಿಲಲ್ಲಿ ಒಂದಿಷ್ಟು ಹರಡಿದರೆ ಹೋಗುವವರು ನಿಂತು ನೋಡುತ್ತಾರೆ, ಫೋಟೋದಲ್ಲೂ ಚೆನ್ನಾಗಿ ಬರುತ್ತದೆ. ಬೇಕಾಗಲಿಲ್ಲ. ಚೀಲ ಹಾಗೇ ಇದೆ.

ದೊಡ್ಡಮ್ಮ ರೇಷ್ಮೆ ಸೀರೆ ಉಟ್ಟು ಬಾಗಿಲಲ್ಲೇ ನಿಂತಳು. "ಬರ್ರಿ, ಒಳಗ ಬರ್ರಿ" ಎಂದು ಒಬ್ಬೊಬ್ಬರನ್ನೂ ಕೈ ಹಿಡಿದು ಕರೆದುಕೊಂಡಳು. ಹೊರಡುವವರಿಗೆ "ಉಂಡು ಹೋಗ್ರಿ" ಅಂದುಬಿಟ್ಟಳು. ಊಟ ಎಲ್ಲಿದೆ, ಒಂದು ಪೇಡೆ ಅಷ್ಟೇ. ಆಮೇಲೆ ರೇಣುಕಾಪ್ರಸಾದರ ಹತ್ತಿರ ಹೋಗಿ ಹೇಳಿದಳು — "ನಮ್ಮ ಹುಡುಗನ್ನ ಚಲೋ ನೋಡ್ಕೊಳ್ರಿ. ತಾಯಿಲ್ಲದ ಕೂಸು."

"ಖಂಡಿತ ಅಮ್ಮ, ಒಳ್ಳೆ ಕೆಲಸಗಾರ" ಅಂದರು.

ಅಂಗಿ ಬೆನ್ನಿಗೆ ಅಂಟಿತು. ದೊಡ್ಡಮ್ಮ ಕೇಳಿಸಿಕೊಳ್ಳಲಿಲ್ಲ, ಯಾರನ್ನೋ ಸ್ವಾಗತಿಸಲು ಆಗಲೇ ತಿರುಗಿದ್ದಳು.

ಇವತ್ತು ಹೇಳಬೇಕಿತ್ತು. ಅವಳ ಮುಖ ನೋಡಿ ಆಗಲಿಲ್ಲ. ನಾಳೆ.

11-3, ಮಂಗಳವಾರ

ನಾಳೆ ಎಂದದ್ದು ಮೂರು ವಾರದ ಹಿಂದೆ.

ಈಗ ಟೈಲ್ಸ್ ಅಂಗಡಿ, ಮೊಬೈಲ್ ಅಂಗಡಿ, ಒಂದು ಬ್ಯೂಟಿ ಪಾರ್ಲರ್ — ಎಲ್ಲರಿಗೂ "ಆ ಅಮ್ಮನೇ" ಬೇಕು. ರೇಣುಕಾಪ್ರಸಾದ್ ಅದಕ್ಕೆ ಮುತ್ತೈದೆ ಪ್ಯಾಕೇಜ್ ಎಂದು ಹೆಸರಿಟ್ಟಿದ್ದಾರೆ. ನಾನು ವಿಸಿಟಿಂಗ್ ಕಾರ್ಡಿನಲ್ಲಿ ಹಾಕಿಸಿದೆ. ಕುಂಕುಮಕ್ಕೆ ಪ್ಯಾಕೆಟ್ ಮಾಡಿಸಿದ್ದಾರೆ, ಒಂದು ಕಡೆ ಲಕ್ಷ್ಮಿ, ಹಿಂದುಗಡೆ ಅಂಗಡಿಯ ಫೋನ್ ನಂಬರ್.

ಪ್ರತಿ ಸಲ ದೊಡ್ಡಮ್ಮ ಕೇಳುತ್ತಾಳೆ, "ಇದರಾಗೂ ಪಾಲು ಐತೇನಲೇ?" ಪ್ರತಿ ಸಲ ಹೂಂ ಎನ್ನುತ್ತೇನೆ. ಶಿಕಾರಿಪುರದಲ್ಲಿ ಈಗ ನನಗೆ ನಾಲ್ಕು ಅಂಗಡಿಯಲ್ಲಿ ಪಾಲು.

"ಇಷ್ಟೊಂದು ಮೈಮ್ಯಾಲೆ ಹಾಕ್ಕೋಬ್ಯಾಡ. ಎದಿ ನೋವು ಬರ್ತೈತಿ ನಿನಗ" ಅಂದಳು. ಬಂದೇ ಇದೆ.

ಅವಳು ಕೂಲಿ ಎಂದು ಏನೂ ಮುಟ್ಟುವುದಿಲ್ಲ. ಒಂದು ಸೀರೆ ಕೊಟ್ಟೆ. ಅದನ್ನು ಮಗಳು ಸಂಗೀತನಿಗೆ ಎತ್ತಿಟ್ಟಿದ್ದಾಳೆ.

8-4, ಮಂಗಳವಾರ. ಸೊರಬದಿಂದ ಬಂದು

ಇದನ್ನು ಮಾಡಬಾರದಿತ್ತು. ಬರೆದಿಡುತ್ತೇನೆ, ಅಷ್ಟೇ.

ಸೊರಬದ ಅಂಗಡಿಗೆ ಯುಗಾದಿ ಸ್ಟಾಕ್ ಖಾಲಿ ಮಾಡಬೇಕಿತ್ತು. ದೊಡ್ಡಮ್ಮ ಅಷ್ಟು ದೂರ ಬರುವುದಿಲ್ಲ, ಮಂಡಿ ನೋವು. ಕಳೆದ ಸಲ ಮನೆಮನೆಗೆ ಹೋದಾಗ ಮೊಬೈಲಿನಲ್ಲಿ ಅವಳ ಮಾತು ರೆಕಾರ್ಡ್ ಮಾಡಿಕೊಂಡಿದ್ದೆ, ಕಲಿಯೋಣ ಎಂದು. ಅದನ್ನೇ ಓಮ್ನಿಯ ಮೈಕಿಗೆ ಹಾಕಿದೆ. ಹಿಂದೆ ಶಹನಾಯಿ.

"ನಮ್ಮನೆ ಕಾರ್ಯ. ತಪ್ಪಿಸಬ್ಯಾಡ್ರಿ... ನಮ್ಮನೆ ಕಾರ್ಯ. ತಪ್ಪಿಸಬ್ಯಾಡ್ರಿ..."

ಬೆಳಗ್ಗೆಯಿಂದ ಸೊರಬದ ಬೀದಿ. ಬರುವಾಗ ಶಿರಾಳಕೊಪ್ಪ. ತಾಳಗುಂದದ ಹತ್ತಿರ ಮೆಕ್ಕೆಜೋಳದ ಹೊಲದ ಪಕ್ಕ ಆಫ್ ಮಾಡುವುದು ಮರೆತು ನಾಲ್ಕು ಕಿಲೋಮೀಟರ್ ಹಾಗೇ ಬಂದೆ. ದನ ಮೇಯಿಸುತ್ತಿದ್ದ ಹೆಂಗಸೊಬ್ಬಳು ಎದ್ದು ನಿಂತು ಸೆರಗು ಸರಿ ಮಾಡಿಕೊಂಡಳು. ಯಾರೋ ಕರೆಯಲಿಕ್ಕೆ ಬಂದರು ಎಂದುಕೊಂಡಿರಬೇಕು.

ರೇಣುಕಾಪ್ರಸಾದ್ ಖುಷ್. "ಶಿಕಾರಿಪುರದಲ್ಲೂ ಹಾಕಿ."

12-4, ಶನಿವಾರ

ಹಾಕಿದೆ. ದೊಡ್ಡಮ್ಮ ಕೇಳಿದಳು.

ಮಧ್ಯಾಹ್ನ ಬಾಗಿಲಿಗೆ ಬಂದು ನಿಂತಳು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಮಾಲತೇಶ, ನಾ ಇಲ್ಲಿ ಕಟ್ಟೆ ಮ್ಯಾಲೆ ಕುಂತು ಬೆಳ್ಳುಳ್ಳಿ ಸುಲೀತೀನಿ. ಅಲ್ಲಿ ಬೀದ್ಯಾಗ ನಾ ಯಾರ್ನ ಕರಿಯಾಕತ್ತೀನಿ?"

ಕಂಪನಿ ರೂಲ್ಸ್, ಪಾಲುದಾರರು ಒಪ್ಪಲ್ಲ, ಎಂದೆಲ್ಲ ಏನೋ ಅಂದೆ.

"ಕರೆದ ಮ್ಯಾಲೆ ಬಂದವರಿಗೆ ಎದುರು ಹೋಗಬೇಕು. ಅಲ್ಲಿ ಬಂದವರಿಗೆ ಯಾರು ಎದುರು ಹೋಗ್ತಾರ?"

ಮೈಕ್ ನಿಲ್ಲಿಸಿದೆ. ಅದು ಓಡಿದ್ದು ಎರಡು ದಿನ ಮಾತ್ರ — ಎಂದು ಇಲ್ಲಿ ಬರೆದಿದ್ದೆ, ಅಳಿಸಿದೆ. ಸೊರಬದಲ್ಲಿ ಇನ್ನೂ ಓಡುತ್ತಿದೆ. ಅಂಗಡಿಯವರೇ ಪೆನ್‌ಡ್ರೈವಿಗೆ ಹಾಕಿಕೊಂಡಿದ್ದಾರೆ.

30-4, ಬುಧವಾರ. ಅಕ್ಷಯ ತೃತೀಯ

ಕಿಚನ್ ಮೇಳ. ದೊಡ್ಡಮ್ಮ ಮತ್ತೆ ಕರೆದಳು. ನನ್ನ ಮುಖ ನೋಡಿ ಕರೆದಳು. ಇದೇ ಕಡೆಯದು ಅಂದಿದ್ದೆ.

ಎಂಬತ್ತು ಜೊತೆ ಚಪ್ಪಲಿ. ಬಂದವರನ್ನು ಒಳಗೆ ಕರೆದು ಕೂರಿಸಿ ದೊಡ್ಡಮ್ಮ ಮಂಡಿ ನೋವೆಂದು ಮನೆಗೆ ಹೋದಳು. ಎಲ್ಲರೂ ಒಳಗೆ ಕೂತ ಮೇಲೆ ರೇಣುಕಾಪ್ರಸಾದರ ಹುಡುಗರು ಶಟರನ್ನು ಅರ್ಧ ಇಳಿಸಿದರು. ಡೆಮೊ ಮುಗಿಯುವವರೆಗೆ ಯಾರೂ ಏಳಬಾರದಂತೆ. ಪ್ರತಿಯೊಬ್ಬರೂ ಫೋನ್ ನಂಬರ್ ಬರೆದು, ಗಂಡನ ನಂಬರ್ ಬರೆದು, ಆಮೇಲೆ ಹೊರಗೆ. ಎರಡು ಗಂಟೆ. ಒಬ್ಬ ಬಾಣಂತಿ, ಮನೆಯಲ್ಲಿ ಕೂಸು ಅಳುತ್ತದೆ ಎಂದು ಕೈ ಮುಗಿದಳು. "ಒಂದೇ ನಿಮಿಷ ಮೇಡಂ."

ನಾನು ಹೊರಗೆ ನಿಂತಿದ್ದೆ. ಶಟರ್ ಎತ್ತಲಿಲ್ಲ. ಕೈ ಬರಲಿಲ್ಲ.

ಹೊರಬಂದ ಹುಲಿಗೆಮ್ಮ ಚಪ್ಪಲಿ ಮೆಟ್ಟಿಕೊಳ್ಳುತ್ತ ಅಂದರು, "ಚಲೋ ಕಾರ್ಯ ಮಾಡಿದ್ರಿ ನಿಮ್ಮನೆದು. ಕೊಟ್ಟಿಗ್ಯಾಗ ಕೂಡಿದಂಗ ಕೂಡಿದ್ರಿ."

ನಾಳೆಯಿಂದ ಎಲ್ಲರ ಮನೆಗೂ ಫೋನ್ ಮಾಡುತ್ತಾರಂತೆ. ಮಿಕ್ಸಿ ಬೇಕಾ, ಕಂತು ಬೇಕಾ.

24-5, ಶನಿವಾರ

ಮೂರು ವಾರ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ.

ಇವತ್ತು ಇದೆ. ದೊಡ್ಡಮ್ಮನ ಮಗಳು ಸಂಗೀತನಿಗೆ ಆರು ತಿಂಗಳು ತುಂಬಿ ಏಳು. ಹಿರೇಕೆರೂರಿಗೆ ಕೊಟ್ಟು ಒಂಬತ್ತು ವರ್ಷ. ಎರಡು ಸಲ ಬಸಿರು ನಿಲ್ಲಲಿಲ್ಲ. ಹೆದರಿ ಇಷ್ಟು ದಿನ ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಜೂನ್ ಹದಿಮೂರಕ್ಕೆ ತವರಿನಲ್ಲಿ ಉಡಿ ತುಂಬುವುದು.

ದೊಡ್ಡಮ್ಮ ನಗುತ್ತಾಳೆ, ಅಳುತ್ತಾಳೆ. "ಕೇರಿ ಹೆಣ್ಣುಮಕ್ಕಳು ಎಲ್ಲಾರೂ ಬಂದು ಉಡಿ ತುಂಬಬೇಕು. ನೂರು ಕೈ ಮುಟ್ಟಬೇಕು ಆ ಮಡಿಲಿಗೆ. ಈ ಸಲ ನಿಲ್ತೈತಿ ನೋಡು." ಅಡುಗೆಯವರಿಗೆ ನೂರೈವತ್ತು ಎಲೆ ಹೇಳಿದ್ದಾಳೆ. ಬೀಗರ ಕಡೆಯವರು ಒಂದು ಟೆಂಪೋದಲ್ಲಿ ಬರುತ್ತಾರಂತೆ.

ನನಗೆ ಮಾತ್ರ ನಗು ಬರಲಿಲ್ಲ. ಯಾಕೆ ಎಂದು ಗೊತ್ತು. ಬರೆಯುವುದಿಲ್ಲ.

9-6, ಸೋಮವಾರ. ಸಂಜೆ

ಕರೆದು ಮುಗಿಯಿತು. ಅದೇ ಅರವತ್ತೆರಡು ಮನೆ. ದೊಡ್ಡಮ್ಮ ಬೇಡ ಅಂದರೂ ಹಿಂದೆ ಹೋದೆ.

ಯಾರೂ ಬೈಯಲಿಲ್ಲ. ಕುಂಕುಮ ಹಚ್ಚಿಸಿಕೊಂಡರು. ಹೂಂ ಅಂದರು. ಆದರೆ ನೀರು ಕೊಟ್ಟವರು ಒಂಬತ್ತು ಮನೆ. ಉಳಿದ ಕಡೆ ಹೊಸ್ತಿಲಲ್ಲೇ. ಒಬ್ಬಳು ಕುಕ್ಕರ್ ಸೀಟಿ ಕೂಗುತ್ತಿದೆ ಎಂದು ಕೈ ಚಾಚಿ, ಅಕ್ಷತೆ ತೆಗೆದುಕೊಂಡು, ಕಿಟಕಿಯ ಕಟ್ಟೆ ಮೇಲೆ ಇಟ್ಟಳು. ಹಿಂದಿನ ಸಲದ ಪ್ಯಾಕೆಟ್ ಅಲ್ಲೇ ಇತ್ತು, ಲಕ್ಷ್ಮಿ ಮುಖ ಕೆಳಗಾಗಿ.

ದೊಡ್ಡಮ್ಮ ಖುಷಿಯಲ್ಲಿ ಏನೂ ನೋಡಲಿಲ್ಲ. ಸಂಗೀತನ ಹೆಸರು ಹೇಳಲು ಬಾಯಿ ತೆರೆಯುವುದರೊಳಗೆ ಅವರು "ಆತು ಬಿಡ್ರಿ ಬರ್ತೀವಿ" ಅಂದುಬಿಡುತ್ತಿದ್ದರು. ಅವಳಿಗೆ ಉಳಿದದ್ದು ಒಂದೇ ಮಾತು. "ನಮ್ಮನೆ ಕಾರ್ಯ. ತಪ್ಪಿಸಬ್ಯಾಡ್ರಿ."

ನಾನು ನೋಡಿದೆ. ಹಿಂದಿನಿಂದ ಒಂದು ಮಾತು ಕೂಗಿ ಹೇಳಬಹುದಿತ್ತು, ಇದು ಅಂಗಡಿಯಲ್ಲ ಎಂದು. ಹಾಗೆ ಹೇಳಿದರೆ ಹಿಂದಿನದೆಲ್ಲ ಏನು ಎಂದು ದೊಡ್ಡಮ್ಮ ಕೇಳುತ್ತಿದ್ದಳು.

ಅಶ್ವಿನಿ ಬಂದವಳೇ ತಟ್ಟೆ ಕೆಳಗಿಟ್ಟು ಹೇಳಿದಳು. "ಇವತ್ತೇ ಹೋಗಿ ಹೇಳಿ ಮಾರಾಯ್ರೇ. ಇನ್ನೂ ನಾಲ್ಕು ದಿನ ಅದೆ."

13-6, ಶುಕ್ರವಾರ

ಹೇಳಲಿಲ್ಲ.

ಬೆಳಗ್ಗೆ ಹತ್ತಕ್ಕೆ ಶಾಮಿಯಾನ. ಹತ್ತೂವರೆಗೆ ಬೀಗರ ಟೆಂಪೋ. ಗಂಡಸರು ನಾವು ಹೊರಗೆ. ಉಡಿ ತುಂಬುವಲ್ಲಿಗೆ ನಮಗೇನು ಕೆಲಸ. ಕೂತು ಚಪ್ಪಲಿ ನೋಡುತ್ತಿದ್ದೆ.

ಹನ್ನೊಂದಕ್ಕೆ ಬೀಗರದ್ದು ಬಿಟ್ಟು ಆರು ಜೊತೆ. ಹನ್ನೊಂದೂವರೆಗೆ ಎಂಟು. ನೀರು ಕೊಟ್ಟ ಒಂಬತ್ತು ಮನೆಯಲ್ಲಿ ಎಂಟು ಮನೆಯವರು ಬಂದರು, ಒಂದು ಮನೆಯವರು ಬರಲಿಲ್ಲ.

ಬೀಗಿತಿ ಬಾಗಿಲಿಗೆ ಬಂದು ಕೇರಿಯ ಉದ್ದಕ್ಕೂ ನೋಡಿದರು. ಮೆತ್ತಗೆ ಕೇಳಿದರು. "ನಿಮ್ಮ ಕಡೆ ಹೆಣ್ಣುಮಕ್ಕಳು ಇನ್ನಾ ಬರೋರಿದ್ದಾರೇನ್ರೀ? ಅಲ್ಲಾ, ಕೇರ್ಯಾಗ ಹೊಂದಾಣಿಕಿ ಇಲ್ಲೇನು?"

ದೊಡ್ಡಪ್ಪ ತಲೆ ತಗ್ಗಿಸಿದ.

ಆಗ ನಾನು ಮಾಡಿದ್ದನ್ನು ಬರೆಯಬೇಕು. ಯಾರೂ ಓದುವುದಿಲ್ಲವಲ್ಲ.

ಓಮ್ನಿ ಅಲ್ಲೇ ಇತ್ತು. ಹಿಂದಿನ ಬಾಗಿಲು ತೆಗೆದೆ. ಫೆಬ್ರವರಿಯ ಚಪ್ಪಲಿ ಚೀಲ. ಶಾಮಿಯಾನದ ಮರೆಯಲ್ಲಿ ತಂದು, ಬಾಗಿಲ ಎರಡೂ ಕಡೆ ಹರಡಿದೆ. ಮೂವತ್ತು ಮೂವತ್ತೈದು ಜೊತೆ. ಬಂದವರು ಅವಸರದಲ್ಲಿ ಬಿಟ್ಟ ಹಾಗೆ ಒಂದರ ಮೇಲೊಂದು. ಹೇಗೆ ಬಿಟ್ಟರೆ ನಿಜ ಕಾಣುತ್ತದೆ ಎಂದು ನನಗೆ ಗೊತ್ತು, ಅದೇ ನನ್ನ ಕಸುಬು. ಬೀಗಿತಿ ನೋಡಲಿ, ದೊಡ್ಡಮ್ಮನ ಮಾನ ಉಳಿಯಲಿ ಎಂದಷ್ಟೇ ಇತ್ತು ತಲೆಯಲ್ಲಿ.

ಬೀಗಿತಿ ನೋಡಲಿಲ್ಲ. ದೊಡ್ಡಮ್ಮ ನೋಡಿದಳು.

ಆರತಿ ತಟ್ಟೆ ಹಿಡಿದು ಹೊರಗೆ ಬಂದವಳು ನಿಂತಳು. ಮುಖ ಎಷ್ಟು ಅರಳಿತು ಎಂದರೆ... "ಬಂದ್ರೇನಲೇ? ಎಲ್ಲಾರೂ ಬಂದ್ರೇನು?" ಹಿಂದೆ ತಿರುಗಿ ಅಡುಗೆಯವರಿಗೆ ಕೂಗಿದಳು — "ಎಲೆ ಹಾಕ್ರೀ! ಮಂದಿ ಬಂತು!" ಒಳಗೆ ಓಡಿದಳು. ಮಂಡಿ ನೋವಿನವಳು ಓಡಿದಳು.

ಒಳಗೆ ನಡುಮನೆ ನೋಡಿರಬೇಕು, ಪಡಸಾಲೆ ನೋಡಿರಬೇಕು, ಹಿತ್ತಲಿಗೂ ಹೋಗಿಬಂದಳು. ಮತ್ತೆ ಬಾಗಿಲಿಗೆ ಬಂದಳು. ಬಗ್ಗಿ ಒಂದು ಚಪ್ಪಲಿ ಎತ್ತಿದಳು. ಒಳಗೆ ಜೇಡರ ಬಲೆ ಕಟ್ಟಿತ್ತು.

"ಇವು ಯಾರವಲೇ?"

ನಾನು ಚೀಲ ಹಿಡಿದುಕೊಂಡೇ ನಿಂತಿದ್ದೆ.

ಚಪ್ಪಲಿಯನ್ನು ಮೆಲ್ಲಗೆ ಕೆಳಗಿಟ್ಟಳು, ಯಾರದ್ದೋ ಜೋಡಿ ತಪ್ಪಬಾರದು ಎಂಬ ಹಾಗೆ. ಕೈ ಒರೆಸಿಕೊಂಡು ಒಳಗೆ ಹೋದಳು. ಉಡಿ ತುಂಬುವುದು ನಡೆಯಿತು. ಬೀಗರನ್ನು ಬಿಟ್ಟರೆ ಒಂಬತ್ತು ಕೈ. ಅದರಲ್ಲಿ ಒಂದು ಅಶ್ವಿನಿಯದು. ನೂರಕ್ಕೂ ಹೆಚ್ಚು ಎಲೆ ಉಳಿದವು. ಹೋಳಿಗೆ ಬುಟ್ಟಿ ಬುಟ್ಟಿ. ಸಂಗೀತ ಒಂದು ಮಾತೂ ಆಡದೆ ಟೆಂಪೋ ಹತ್ತಿದಳು. ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದಳು.

14-6, ಶನಿವಾರ. ಸಂಜೆ

ಬೆಳಗ್ಗೆ ಹುಲಿಗೆಮ್ಮ ಬಂದರು, ದೊಡ್ಡಮ್ಮನ ಮನೆಗೆ. ಗೋಡೆ ಒಂದೇ, ಎಲ್ಲ ಕೇಳಿಸಿತು. ಅಳುತ್ತಿದ್ದರು.

"ಸಂಗೀತಂದು ಉಡಿ ಅಂತ ಒಂದು ಮಾತು ಗೊತ್ತಾಗಿದ್ರೆ ಬಿಟ್ಟಿರ್ತಿದ್ನೇನಕ್ಕ? ಅಡುಗೆಯವ್ರು ರಾತ್ರಿ ಹೋಳಿಗೆ ತಂದು ಕೊಟ್ಟಾಗ ಗೊತ್ತಾತು. ಮತ್ತೊಂದು ಅಂಗಡಿ ಇರ್ತೈತಿ, ಶಟರ್ ಹಾಕಿ ಕೂಡಿಸ್ತಾರ ಅಂತ... ಎಲ್ಲಾರೂ ಹಂಗೇ ಮಾತಾಡ್ಕೊಂಡ್ವಿ. ಕರೆಯೋದು ನಿಮ್ಮ ದೊಡ್ಡ ಉದ್ಯೋಗ ಆತಲ್ಲ ಅಂತ."

"ಉದ್ಯೋಗ ಅಲ್ಲ ಹುಲಿಗೆಮ್ಮ. ಹುಡುಗನ ಅಂಗಡಿ. ಪಾಲು ಐತಿ ಅವನದು."

"ಎಲ್ಲಿ ಪಾಲು ಅಕ್ಕ? ನನ್ನ ಮಗ ಕೇಳ್ಯಾನ ಅಲ್ಲಿ. ಮಾಲತೇಶನ ಕೈಯಾಗ ದುಡಿಸ್ಕೊಂತಾರಂತ, ಅಷ್ಟೇ. ತಲಿಗೆ ಇಷ್ಟು ಅಂತ ಮಂದಿ ತರ್ತಾನಂತ."

ಹುಲಿಗೆಮ್ಮ ಹೊರಟ ಗೇಟಿನ ಸದ್ದು ಕೇಳಿಸಿತು.

ಮಧ್ಯಾಹ್ನ ದೊಡ್ಡಮ್ಮ ಬಂದಳು. ಬಾಗಿಲಲ್ಲೇ ನಿಂತಳು, ಒಳಗೆ ಕಾಲಿಡಲಿಲ್ಲ.

"ಪಾಲು ಎಷ್ಟೈತಿ ನಿಂದು?"

"ಇಲ್ಲ."

"ಯಾವುದ್ರಾಗೂ?"

"ಯಾವುದ್ರಾಗೂ ಇಲ್ಲ."

ತಲೆ ಆಡಿಸಿದಳು. ಲೆಕ್ಕ ಸರಿಯಾಯಿತು ಎಂಬಂತೆ. ಹೋದಳು.

27-6, ಶುಕ್ರವಾರ

ಹದಿಮೂರು ದಿನ. ಪಕ್ಕದ ಮನೆಯಿಂದ ಸಾರಿನ ಪಾತ್ರೆ ಬರುವುದು ನಿಂತಿದೆ. ಇಪ್ಪತ್ತು ವರ್ಷ ಆ ಪಾತ್ರೆ ಬಂದಿದೆ, ನಾನು ಗಮನಿಸಿಯೇ ಇರಲಿಲ್ಲ.

ರೇಣುಕಾಪ್ರಸಾದ್ ಫೋನ್.

"ಮಾಲತೇಶ್, ಸಾಗರದಲ್ಲಿ ಹೊಸ ಬ್ರಾಂಚ್. ಶಿಕಾರಿಪುರದಲ್ಲಿ ಆ ಅಮ್ಮಂದು ಈಗ ಅಷ್ಟು ಎಫೆಕ್ಟ್ ಇಲ್ಲ ಬಿಡಿ, ಮುಗೀತು. ಸಾಗರಕ್ಕೆ ಅಲ್ಲಿದೇ ಲೋಕಲ್ ಅಮ್ಮ ಯಾರನ್ನಾದ್ರೂ ಹುಡುಕಿ. ಸ್ವಲ್ಪ ವಯಸ್ಸಾದವರು, ನಂಬೋ ಹಂಗಿರ್ಬೇಕು."

"ನೋಡ್ತೀನಿ ಸಾರ್" ಅಂದೆ.

ಆಗಲ್ಲ ಎನ್ನಲಿಲ್ಲ. ನೋಡ್ತೀನಿ ಸಾರ್. ಅಶ್ವಿನಿ ಕೇಳಿಸಿಕೊಂಡಳು. ಊಟ ಬಡಿಸಿ ತಾನು ಎದ್ದು ಹೋದಳು.

ಪಾಠ ಬರೆಯಬೇಕಂತೆ. ಹನ್ನೊಂದು ವರ್ಷದ ಪಾಠ ಇಷ್ಟು — ಹೊಸ ಅಂಗಡಿಗೆ ಗಿರಾಕಿ ತರುವುದು ನನ್ನ ಕಸುಬು ಎಂದುಕೊಂಡಿದ್ದೆ. ಅಲ್ಲ. ಇನ್ನೊಬ್ಬರು ನಲವತ್ತು ವರ್ಷ ಕೂತು, ನೀರು ಕುಡಿದು, ಎಮ್ಮೆ ಸತ್ತದ್ದು ಕೇಳಿ ಕೂಡಿಟ್ಟದ್ದನ್ನು ಮೂರು ತಿಂಗಳಲ್ಲಿ ಸೋರಿಸಿ ಕೊಡುವುದು. ಆಮೇಲೆ ಬೇರೆ ಊರಿಗೆ ಹೋಗುವುದು.

ಕೋಟಿನವನು ಇದನ್ನು ಹೇಳಿರಲಿಲ್ಲ.

29-6, ಭಾನುವಾರ. ಬೆಳಗ್ಗೆ 9

ನಿನ್ನೆ ಸಂಜೆ ದೊಡ್ಡಮ್ಮ ಗೇಟಿನ ಹೊರಗೆ ನಿಂತು ಕರೆದಳು.

"ಆಗಸ್ಟಿಗೆ ಸಂಗೀತನ ಹೆರಿಗೆ. ಶಿವ ಕಣ್ಣು ತೆರೆದರ ತೊಟ್ಟಿಲಿಗೆ ಹಾಕೋದು ಇಲ್ಲೇ. ನಾ ಕರೀಬೇಕು. ಯಾವ ಬಾಯಾಗ ಕರೀಲಿ?"

ಗೇಟು ತೆಗೆದೆ. ಅವಳು ಒಳಗೆ ಬರಲಿಲ್ಲ.

"ಕರೀಲಿಕ್ಕೆ ಮನೆಮನೆಗೆ ಹೋದ್ವಿ. ಹೇಳಾಕೂ ಮನೆಮನೆಗೇ ಹೋಗಬೇಕು. ಅರವತ್ತೆರಡೂ. ನಾ ಬರ್ತೀನಿ, ನಿಂದ್ರತೀನಿ. ಹೇಳೋನು ನೀ."

ಹತ್ತಕ್ಕೆ ಹೊರಡುವುದು. ಮೊದಲ ಮನೆ ಹುಲಿಗೆಮ್ಮನವರದು. ಬಾಯಿಗೆ ಬರುವುದಿಲ್ಲ ಎಂದು ಬರೆದುಕೊಂಡು ಹೋಗೋಣ ಎಂದು ಆರು ಗಂಟೆಯಿಂದ ಕೂತಿದ್ದೇನೆ. 'ನಮ್ಮ ಎಲ್ಲ ಆತ್ಮೀಯ' ಎಂದು ಶುರುವಾಗುತ್ತದೆ — ಹೊಡೆದು ಹಾಕಿದೆ. 'ತಮ್ಮ ಸಹಕಾರ' — ಹೊಡೆದು ಹಾಕಿದೆ. ಕೈಗೆ ಅದೇ ಅಭ್ಯಾಸ. ನಾಲ್ಕು ಹಾಳೆ ಹೋಯಿತು. ಕರೆಯುವುದಕ್ಕೆ ಎಷ್ಟೆಲ್ಲ ಬರೆದಿದ್ದೇನೆ. ಇದಕ್ಕೆ ಒಂದು ಸಾಲೂ ಬರುತ್ತಿಲ್ಲ.

ರೇಣುಕಾಪ್ರಸಾದರ ಎರಡು ಮಿಸ್ಡ್ ಕಾಲ್. ಸಾಗರ.

ಅಶ್ವಿನಿ ಓಮ್ನಿಯಿಂದ ಆ ಚೀಲ ತೆಗೆದು ಹೊರಗಿಟ್ಟಿದ್ದಾಳೆ.

ದೊಡ್ಡಮ್ಮ ಬಂದಳು. ಗೇಟಿನಲ್ಲಿದ್ದಾಳೆ. ಹತ್ತಾಗಲಿಲ್ಲ ಇನ್ನೂ. ತಟ್ಟೆ ಇಲ್ಲ, ಬಟ್ಟಲಿಲ್ಲ, ಬರಿಗೈ. ಅವಳು ಬರಿಗೈಯಲ್ಲಿ ಹೊರಟದ್ದನ್ನು ನಾನು ನೋಡಿಲ್ಲ.

ಬಂದೆ ಅಂದೆ. ಇಷ್ಟು ಬರೆದುಕೊಂಡಿದ್ದೇನೆ:

ಅಂಗಡಿಯಲ್ಲಿ ನನಗೆ ಪಾಲು ಇರಲಿಲ್ಲ ರೀ. ಸುಳ್ಳು ಹೇಳಿದ್ದು ನಾನು, ದೊಡ್ಡಮ್ಮನಿಗೆ ಗೊತ್ತಿರಲಿಲ್ಲ. ಅವಳ ದನಿ ಮೈಕಿಗೆ ಹಾಕಿದ್ದೂ ನಾನೇ. ನನ್ನನ್ನು ಏನು ಬೇಕಾದರೂ ಅನ್ನಿ. ಆದರೆ ಆಗಸ್ಟಿನಲ್ಲಿ ತೊಟ್ಟಿಲಿಗೆ ಅವಳು ಕರೆಯಲು ಬಂದಾಗ —

ಮುಂದೆ ಕೈಗೆ 'ತಪ್ಪಿಸಬ್ಯಾಡ್ರಿ' ಎಂದೇ ಬರುತ್ತದೆ, ಹೊಡೆದು ಹಾಕಿದೆ.